ಮಗುವಿಗಿಂತ ಹಗುರವಾದ ಪೆಟ್ಟಿಗೆ

"ಮಗುವಿಗಿಂತ ಭಾರವಾದದ್ದು ಏನನ್ನೂ ಎತ್ತಬೇಡಿ" ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಹೊಟ್ಟೆ ಕೊಯ್ದು ಮಗುವನ್ನು ತೆಗೆದವರು ಅವರೇ. ಕೆಲವು ತಿಂಗಳ ಮೇಲೆ ಹೊಲಿಗೆಯ ಪಕ್ಕದಲ್ಲಿ ಬೆರಳಿಟ್ಟು ಒತ್ತಿ, "ಇಲ್ಲಿ ಸ್ವಲ್ಪ ಸಡಿಲ ಇದೆ" ಎಂದು ಹುಬ್ಬು ಗಂಟಿಕ್ಕಿದವರೂ ಅವರೇ. ಹಾಗಾಗಿ ಆ ಮಾತನ್ನು ಅವಳು ಗಾಳಿಗೆ ಬಿಡಲಿಲ್ಲ. ಪಾರ್ಸೆಲ್ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನರ ಗಂಟುಮೂಟೆ ತೂಗುವ ಹೆಂಗಸು ಅವಳು; ತೂಕದ ಮಾತನ್ನು ತೂಕದ ಮಾತಾಗಿಯೇ ತೆಗೆದುಕೊಂಡಳು. ನೀರಿನ ಕ್ಯಾನು, ಒಗೆಯುವ ಬಟ್ಟೆಯ ಬಕೆಟ್ಟು, ತರಕಾರಿ ಚೀಲ, ಏನೇ ಇರಲಿ, ಮೊದಲು ಒಂದಿಷ್ಟೇ ಎತ್ತಿ ಮನಸ್ಸಿನಲ್ಲೇ ಮಗಳ ಜೊತೆ ತೂಗುವಳು. ಮಗಳೇ ಭಾರ ಅನ್ನಿಸಿದರೆ ಎತ್ತುವಳು, ಇಲ್ಲವಾದರೆ ಗಂಡನನ್ನು ಕೂಗುವಳು.

"ಮಗಳಿಗೆ ಚೆನ್ನಾಗಿ ಊಟ ಹಾಕು" ಎನ್ನುತ್ತಿದ್ದ ಅವಳ ಗಂಡ. "ಅವಳು ದಪ್ಪ ಆದಷ್ಟೂ ನಿನ್ನ ಲೈಸೆನ್ಸ್ ಜಾಸ್ತಿ ಆಗುತ್ತೆ. ಬರೋ ವರ್ಷ ಬೀರು ಎತ್ತಬಹುದು ನೋಡು."

ಅವನು ಸಿಟಿ ಬಸ್ಸಿನ ಡ್ರೈವರು. ಬೆಳಗಿನ ಪಾಳಿ ಇದ್ದರೆ ಮಧ್ಯಾಹ್ನಕ್ಕೆ ಮನೆಗೆ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದ. ಸಂಜೆಯ ಪಾಳಿ ಇದ್ದರೆ ಎಲ್ಲವೂ ಅತ್ತೆಯ ತಲೆಗೆ. ಅಂತೂ ಬೀರು ಎತ್ತುವ ಆಸೆ ಅವಳಿಗಿರಲಿಲ್ಲ. ಅವಳಿಗೆ ಎತ್ತಬೇಕಾಗಿದ್ದದ್ದು ಬೇರೆಯೇ ಇತ್ತು.

ಮದುವೆಗೆ ಮೊದಲಿನಿಂದಲೂ ಅವಳು ಒಂದು ವಾದ್ಯತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದಳು. ಸಮಾರಂಭದ ಹಾಲ್‌ಗಳಲ್ಲಿ, ಹೋಟೆಲಿನ ಮೇಲ್ಮಹಡಿಗಳಲ್ಲಿ ಹಾಡು ಹೇಳಿ ಜನರನ್ನು ಕುಣಿಸುವ ಸಣ್ಣ ತಂಡ ಅದು. ಹಾಡುಗಾರನೇ ಯಜಮಾನ, ಎಲ್ಲರಿಗೂ ಅವನು ದೊಡ್ಡಣ್ಣ. ಡ್ರಮ್ಸ್ ಬಾರಿಸುವವನು ದಡಬಡ. ಮಾತೂ ಹಾಗೆಯೇ, ನಡಿಗೆಯೂ ಹಾಗೆಯೇ. ಅವಳನ್ನು ಅವರು ಕರೆಯುತ್ತಿದ್ದದ್ದು ಗುಡುಗಮ್ಮ ಎಂದು. ಸಣಕಲು ಮೈ, ಕೌಂಟರಿನಲ್ಲಿ "ಮುಂದಿನವರು ಬನ್ನಿ" ಎನ್ನುವುದಕ್ಕೂ ನಾಚುವ ದನಿ. ಆದರೆ ಆ ನಾಲ್ಕು ದಪ್ಪ ತಂತಿಗಳ ಮೇಲೆ ಬೆರಳಿಟ್ಟರೆ ಹಾಲ್‌ನ ಕಿಟಕಿ ಗಾಜು ಅಲ್ಲಾಡುತ್ತಿತ್ತು. ಬೇಸ್ ಎಂದರೆ ಹಾಡಿನ ತಳಪಾಯ. ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಎಲ್ಲರ ಕಾಲೂ ತಡವರಿಸುತ್ತದೆ. ಮನೆಯಲ್ಲಿ ತಾಯಿ ಇದ್ದ ಹಾಗೆ ಎಂದು ಅವಳು ಒಮ್ಮೆ ಅಂದುಕೊಂಡಿದ್ದಳು, ತಾಯಿಯಾಗುವ ಮೊದಲು.

ಅವಳ ಹಳೆಯ ಆಂಪ್ಲಿಫೈಯರ್ ಒಂದೇ ದೊಡ್ಡ ಪೆಟ್ಟಿಗೆ. ಸ್ಪೀಕರು, ಒಳಗಿನ ಯಂತ್ರ ಎಲ್ಲ ಒಟ್ಟಿಗೆ. ದಡಬಡ ಒಂದು ಕಡೆ, ಅವಳು ಇನ್ನೊಂದು ಕಡೆ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಸುತ್ತಿದ್ದ ಕಾಲ ಒಂದಿತ್ತು. ಈಗ ಅವಳ ಹೊಟ್ಟೆಗೆ ಹೊಲಿಗೆ, ದಡಬಡನ ಸೊಂಟಕ್ಕೆ ಪಟ್ಟಿ. ಪೆಟ್ಟಿಗೆ ತಂಡದ ಕೋಣೆಯ ಮೂಲೆಯಲ್ಲಿ ಧೂಳು ತಿನ್ನುತ್ತ ಕೂತಿತ್ತು.

ಮಗುವಿಗೆ ಹಲ್ಲು ಬರುವ ಹೊತ್ತಿಗೆ ದೊಡ್ಡಣ್ಣನ ಫೋನ್ ಬಂತು.

"ಏನಮ್ಮ ಗುಡುಗಮ್ಮ, ಬಾಣಂತನ ಮುಗೀತೋ, ಕಷಾಯದ ಗುಟುಕು ಇನ್ನೂ ಬಾಕಿ ಇದೆಯೋ?"

"ಮುಗೀತು ದೊಡ್ಡಣ್ಣ. ಕೆಲಸಕ್ಕೂ ಹೋಗ್ತಿದೀನಿ."

"ಸರಿ. ಮುಂದಿನ ಭಾನುವಾರ ಒಂದು ದೊಡ್ಡ ಹಾಲ್ ಸಿಕ್ಕಿದೆ. ಮಂಗಳವಾರ ಪ್ರಾಕ್ಟೀಸಿಗೆ ಬಂದುಬಿಡು. ಆ ನಿನ್ನ ಬಂಡೆ ಹೊರೋರು ಯಾರೂ ಇಲ್ಲಪ್ಪ ಇಲ್ಲಿ. ಈಗ ಬರೀ ಹೆಡ್ ಸಿಗುತ್ತಲ್ಲ, ಸ್ಪೀಕರ್ ಇಲ್ಲದೆ ಒಳಗಿನ ಯಂತ್ರ ಮಾತ್ರ, ಪುಟ್ಟದು, ಅದೊಂದು ತಗೋ. ಸ್ಪೀಕರ್ ಪೆಟ್ಟಿಗೆ ನಮ್ಮ ವ್ಯಾನಲ್ಲೇ ಇರುತ್ತೆ, ಗಾಲಿ ಇದೆ, ತಳ್ಕೊಂಡು ಹೋದ್ರಾಯ್ತು." ಆಮೇಲೆ ದನಿ ತಗ್ಗಿಸಿ, "ಆಗ್ಲಿಲ್ಲ ಅಂದ್ರೂ ಚಿಂತೆ ಮಾಡ್ಬೇಡ. ನೀನಿಲ್ಲದಾಗ ನಮ್ಮ ಎಡಗೈ ಹೇಗೋ ಸಂಭಾಳಿಸ್ತಿದಾನೆ" ಎಂದ.

ಎಡಗೈ ಎಂದರೆ ಕೀಬೋರ್ಡ್ ನುಡಿಸುವ ಹುಡುಗ. ಅವಳು ಬಾಣಂತನಕ್ಕೆ ಹೋದ ಮೇಲೆ ಬೇಸಿನ ಭಾಗವನ್ನು ಎಡಗೈಯಲ್ಲೇ ಒತ್ತಿ ತುಂಬಿಸುತ್ತಿದ್ದದ್ದರಿಂದ ಬಂದ ಹೆಸರು. ಅವಳ ಇಡೀ ಜಾಗಕ್ಕೆ ಒಬ್ಬನ ಒಂದು ಕೈ ಸಾಕಾಗಿತ್ತು. 'ಚಿಂತೆ ಮಾಡ್ಬೇಡ' ಎಂಬ ಮಾತಿನಿಂದಲೇ ಚಿಂತೆ ಶುರುವಾಯಿತು. ಮಂಗಳವಾರ ಅವಳ ಕೈಯಿಂದ ಆಗದಿದ್ದರೆ ಆ ಜಾಗ ಹೋಯಿತು. ಯಾರೂ ಕಿತ್ತುಕೊಳ್ಳುವುದಿಲ್ಲ, ಅಷ್ಟೇ, ಹೋಗುತ್ತದೆ.

"ಅತ್ತೆ, ನಾನೊಂದು ಹೆಡ್ ತಗೋಬೇಕು" ಎಂದಳು ಸಂಜೆ.

ಅತ್ತೆ ಮಗುವಿನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. "ಏನು ತಗೋಬೇಕು?"

"ಹೆಡ್. ತಲೆ."

"ತಲೆನಾ? ತಗೊಳಮ್ಮ, ಒಳ್ಳೇದೇ. ಬರೋವಾಗ ನನ್ನ ಮಗನಿಗೂ ಒಂದು ತಂದುಬಿಡು."

ಮುಂದಿನ ಕೆಲವು ದಿನ ಅವಳ ತಲೆಯಲ್ಲಿ ಬರೀ ಹೆಡ್ಡುಗಳು. ಊಟದ ವೇಳೆಯಲ್ಲಿ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಫೋನು. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳಿದ್ದ. ಒಂದಕ್ಕೆ ಫ್ಯಾನಿನ ಸದ್ದು ಜಾಸ್ತಿಯಂತೆ, ಇನ್ನೊಂದು ಕಾರ್ಯಕ್ರಮದ ಮಧ್ಯೆ ಬಿಸಿಯಾಗಿ ತಾನಾಗಿಯೇ ಆರಿಹೋಯಿತಂತೆ, ಮತ್ತೊಂದು ಬಲು ಗಟ್ಟಿ, ಆದರೆ 'ಜೀವ ಇಲ್ಲ'ವಂತೆ. ಮಗುವಿನ ಜ್ವರಕ್ಕೆ ಫೋನಿನಲ್ಲಿ ಔಷಧಿ ಹುಡುಕಿದ ಹಾಗೆಯೇ ಆಯಿತು: ಓದಿದಷ್ಟೂ ಕಾಯಿಲೆ ಜಾಸ್ತಿ. ಅತ್ತ ದರಿ ಇತ್ತ ಪುಲಿ ಎಂದು ಅವಳು ನಿಟ್ಟುಸಿರಿಟ್ಟರೆ, ಗಂಡ ಮಗುವನ್ನು ಹೆಗಲಿಗೆ ಹಾಕಿಕೊಂಡು, "ಮೊದಲು ಅಂಗಡಿಗೆ ನಡಿ. ಬಸ್ಸನ್ನ ಫೋಟೋ ನೋಡಿ ಓಡ್ಸೋಕಾಗಲ್ಲ" ಎಂದ.

ಶನಿವಾರ ಹೋದರು. ಮುಂದೆ ಕೀಬೋರ್ಡು, ಗಿಟಾರು. ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಆಂಪ್ಲಿಫೈಯರು. ಅಂಗಡಿಯವರು ಬಾಯಿತುಂಬ ಮಾತಿನ ಹಿರಿಯರು. ಎರಡು ಹೆಡ್ಡುಗಳನ್ನು ಮೇಜಿನ ಮೇಲಿಟ್ಟರು. ಒಂದು ದಪ್ಪ ಪುಸ್ತಕದಷ್ಟು, ಇನ್ನೊಂದು ಸುಮಾರು ಅದರ ಎರಡರಷ್ಟು.

ಅವಳು ಮೊದಲು ಮಾಡಿದ್ದು ಕೈಗೆತ್ತಿಕೊಂಡು ತೂಗಿದ್ದು. ದೊಡ್ಡದು ಮಗಳ ಮೂರರಲ್ಲೊಂದು ಪಾಲೂ ಇರಲಿಲ್ಲ. ಚಿಕ್ಕದಂತೂ ಹುಟ್ಟಿದ ದಿನದ ಮಗಳಿಗಿಂತ ಹಗುರ. ಎದೆಯ ಮೇಲಿನ ಭಾರ ಇಳಿದಂತಾಯಿತು.

"ಇಷ್ಟು ಪುಟ್ಟದ್ರಲ್ಲಿ ಸದ್ದು ಬರುತ್ತಾ?" ಎಂದಳು.

"ಮೂರ್ತಿ ಚಿಕ್ಕದಮ್ಮ, ಕೀರ್ತಿ ದೊಡ್ಡದು. ಹಳೇ ಯಂತ್ರದಲ್ಲಿ ಒಂದು ದೊಡ್ಡ ಕಬ್ಬಿಣದ ಮುದ್ದೆ ಇರೋದು, ತೂಕ ಎಲ್ಲ ಅದರದ್ದೇ. ಇದರಲ್ಲಿ ಅದಿಲ್ಲ." ಅವರು ತಂತಿ ಸಿಕ್ಕಿಸುತ್ತ ಹೇಳಿದರು. "ಒಂದು ಮಾತು ನೆನಪಿಟ್ಕೊಳ್ಳಿ. ಎರಡು ಸ್ಪೀಕರ್ ಪೆಟ್ಟಿಗೆ ಜೋಡಿಸಿದ್ರೆ ಪೂರ್ತಿ ಶಕ್ತಿ. ಒಂದೇ ಆದ್ರೆ ಸುಮಾರು ಅರ್ಧ. ಹಾಲ್‌ಗೆ ಅರ್ಧ ಸಾಕು, ಹೆದರ್ಬೇಡಿ. ಮತ್ತೆ ಇಲ್ಲೊಂದು ಕೆಂಪು ದೀಪ ಇದೆ ನೋಡಿ. ನೀವು ತಂತಿ ಜೋರಾಗಿ ಮೀಟಿದಾಗ ಕಣ್ಣು ಮಿಟುಕಿಸುತ್ತೆ. ಆಗಾಗ ಮಿಟುಕಿಸ್ಬೇಕು. ಕಣ್ಣು ಬಿಟ್ಕೊಂಡೇ ಇದ್ರೆ ಮಾತ್ರ ಕೆಟ್ಟದ್ದು."

ಗಂಡನ ಹೆಗಲ ಮೇಲೆ ಮಗು ಆಗತಾನೇ ನಿದ್ದೆಹೋಗಿತ್ತು. ಅವಳು ಗಿಟಾರು ತೊಟ್ಟು ಒಂದು ಹಾಡಿನ ನಡೆ ನುಡಿಸಿದಳು. ಅಂಗಡಿಯವರು ಸದ್ದು ಏರಿಸುವ ಗುಬುಟು ತಿರುಗಿಸಲು ಕೈ ಚಾಚಿದರೆ, "ಮೆಲ್ಲಗೆ, ಮೆಲ್ಲಗೆ" ಎಂದಳು. ಗಂಡನೂ "ಸಾರ್, ಮೆಲ್ಲಗೆ" ಎಂದ. ಮಗುವಿನ ರೆಪ್ಪೆ ಅಲುಗಲಿಲ್ಲ. ಕೆಂಪು ದೀಪವೂ ಅಲುಗಲಿಲ್ಲ. ಎರಡೂ ಕಣ್ಣು ಮುಚ್ಚಿ ಮಲಗಿವೆ, ಸದ್ಯ, ಎಂದು ಅವಳಿಗೆ ಸಮಾಧಾನವಾಯಿತು.

ಚಿಕ್ಕದನ್ನೇ ಆರಿಸಿದಳು. "ಒಂದು ವಾರ ಇಟ್ಕೊಂಡು ನೋಡಿ. ಡಬ್ಬ ಹರೀಬೇಡಿ. ಸರಿಬರಲಿಲ್ಲ ಅಂದ್ರೆ ದೊಡ್ಡದಕ್ಕೆ ಬದಲಾಯಿಸಿಕೊಡ್ತೀನಿ" ಎಂದರು ಅಂಗಡಿಯವರು.

ಮನೆಯಲ್ಲಿ ಸ್ಪೀಕರ್ ಪೆಟ್ಟಿಗೆ ಇರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಿದಳು. ಮಗು ಹುಟ್ಟಿದಾಗಿನಿಂದ ಅವಳು ನುಡಿಸುತ್ತಿದ್ದದ್ದೇ ಹಾಗೆ. ಆ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳುವ ಮಾತು 'ಮೆಲ್ಲಗೆ'. ಬಾಗಿಲು ಮೆಲ್ಲಗೆ. ತಟ್ಟೆ ಮೆಲ್ಲಗೆ. ಅತ್ತೆ ಸೀನುವುದೂ ಮೂಗು ಹಿಡಿದುಕೊಂಡು. ಹೆಡ್‌ಫೋನ್ ಹಾಕಿದರೂ ತಂತಿಯ ಟಕಟಕ ಹೊರಗೆ ಕೇಳಿಸುತ್ತದೆ, ಪಕ್ಕದಲ್ಲೇ ತೊಟ್ಟಿಲು. ಬೆರಳ ತುದಿಯಿಂದ ತಂತಿಯನ್ನು ನೇವರಿಸಿದ ಹಾಗೆ ನುಡಿಸುವಳು, ಮಗಳ ಹಣೆಯ ಕೂದಲು ಸರಿಸುವ ಹಾಗೆ.

ಮಂಗಳವಾರ ಸಂಜೆ ಗಿಟಾರಿನ ಚೀಲ ಬೆನ್ನಿಗೇರಿಸಿ, ಹೆಡ್ಡನ್ನು ಮಗುವಿನ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಅದರ ಜೇಬಿನಲ್ಲಿಟ್ಟು ಹೊರಟಳು. ತಂಡದ ಕೋಣೆ ಒಂದು ಟೈರ್ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಕೈ ಎರಡೂ ಖಾಲಿ. ಆ ಖಾಲಿತನಕ್ಕೇ ಒಂದು ಖುಷಿ.

"ಬಂತಪ್ಪ ಗುಡುಗು!" ಎಂದು ದಡಬಡ ತಾಳ ಕುಟ್ಟಿದ. ಅವಳು ಫ್ಲಾನೆಲ್ ಬಿಚ್ಚಿದಾಗ ಇಣುಕಿ ನೋಡಿ, "ಅಯ್ಯೋ, ಇನ್ನೊಂದು ಹೆತ್ತಿದೀಯಾ?" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಬೆರಳು ಮಾತ್ರ ತಣ್ಣಗಿತ್ತು.

ಮೊದಲ ಹಾಡು ಶುರುವಾಯಿತು. ಅವಳದು ಒಂದು ಸ್ವರವೂ ತಪ್ಪಲಿಲ್ಲ. ಆದರೆ ಅರ್ಧ ದಾರಿಯಲ್ಲಿ ದೊಡ್ಡಣ್ಣ ಹಿಂತಿರುಗಿ ನೋಡಿದ. ಮತ್ತೆ ನೋಡಿದ. ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ.

"ಗುಡುಗಮ್ಮ, ಶುರು ಮಾಡು."

"ನುಡಿಸ್ತಾನೇ ಇದೀನಿ, ದೊಡ್ಡಣ್ಣ."

"ಹೌದಾ? ಸ್ವಲ್ಪ ಏರಿಸಮ್ಮ ಹಾಗಾದ್ರೆ."

ಏರಿಸಿದಳು. ಇನ್ನೂ ಏರಿಸಿದಳು. ಗುಬುಟು ಕೊನೆ ಮುಟ್ಟಿದಾಗ ಸ್ಪೀಕರಿನಿಂದ ಸುಯ್ ಎಂಬ ಉಸಿರು, ಅದರ ಹಿಂದೆ ಒದ್ದೆ ಸೌದೆಯ ಹೊಗೆಯ ಹಾಗೆ ಸದ್ದು. ಹರಡುತ್ತದೆ, ಉರಿಯುವುದಿಲ್ಲ. ದಡಬಡನ ಹೊಡೆತಕ್ಕೆ ಅದು ಎಲ್ಲೋ ಕರಗಿಹೋಯಿತು. ಎರಡನೇ ಹಾಡಿನಲ್ಲಿ ತಳಪಾಯ ಇದ್ದಕ್ಕಿದ್ದಂತೆ ಗಟ್ಟಿಯಾಯಿತು. ಅವಳ ಎದೆ ಹಗುರಾಯಿತು, ಆಮೇಲೆ ನೋಡಿದರೆ ಕೀಬೋರ್ಡಿನ ಹುಡುಗನ ಎಡಗೈ ಕೆಳಸ್ವರದ ಮನೆಗಳ ಮೇಲೆ ಓಡಾಡುತ್ತಿತ್ತು.

"ಸುಮ್ನೆ ಜೊತೆಗಿರ್ತೀನಿ ಅಕ್ಕ" ಎಂದ ಅವನು, ಮುಖ ಕೆಂಪಗೆ ಮಾಡಿಕೊಂಡು. ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಗುಡುಗಮ್ಮ ಹೋಗಿ ಪಿಸುಗಮ್ಮ ಬಂದಿದಾಳೆ" ಎಂದ ದಡಬಡ.

"ಒಂದೇ ಸ್ಪೀಕರ್ ಪೆಟ್ಟಿಗೆಗೆ ಇದು ಅರ್ಧ ಶಕ್ತಿ ಮಾತ್ರ ಕೊಡೋದು" ಎಂದಳು ಅವಳು ಆತುರಾತುರವಾಗಿ. "ದೊಡ್ಡ ಹೆಡ್ ತರಬೇಕಿತ್ತು. ಬದಲಾಯಿಸಿಕೊಡ್ತಾರೆ."

"ಕುಣಿಯೋಕೆ ಬಾರದವಳು..." ಎಂದು ದಡಬಡ ತಮಾಷೆಗೆ ಶುರುಮಾಡಿದ. ದೊಡ್ಡಣ್ಣ ಅವನತ್ತ ಕಣ್ಣು ಬಿಟ್ಟ. ಗಾದೆ ಅರ್ಧಕ್ಕೇ ನಿಂತಿತು. ಉಳಿದರ್ಧ ಅವಳ ಕಿವಿಯೊಳಗೆ ತಾನಾಗಿಯೇ ಮುಗಿಯಿತು: ...ನೆಲ ಡೊಂಕು ಅಂದಳಂತೆ.

"ಸರಿ, ಬದಲಾಯಿಸಿ ತಾ. ಶುಕ್ರವಾರ ಇನ್ನೊಂದ್ಸಲ ಕೂತ್ಕೊಳ್ಳೋಣ" ಎಂದ ದೊಡ್ಡಣ್ಣ ಮೃದುವಾಗಿ. "ಆಗ್ಲೂ ಆಗ್ಲಿಲ್ಲ ಅಂದ್ರೆ, ಈ ಸಲಕ್ಕೆ ಎಡಗೈನೇ ಇರ್ಲಿ. ಈ ಸಲಕ್ಕೆ ಅಷ್ಟೇ."

ಹಿಂದೆ ತಂಡದಲ್ಲಿ ಕೊಳಲಿನವನೊಬ್ಬನಿದ್ದ. ಅವನಿಗೂ 'ಈ ಸಲಕ್ಕೆ' ಎಂದೇ ಹೇಳಿದ್ದರು. ಅವನ ಮುಖ ಈಗ ಅವಳಿಗೆ ಸರಿಯಾಗಿ ನೆನಪೂ ಇರಲಿಲ್ಲ.

ಬುಧವಾರವಿಡೀ ಅವಳ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ದೊಡ್ಡ ಹೆಡ್ಡಿನ ಬಗ್ಗೆ ಮತ್ತೆ ಓದಿದಳು. ಅದಕ್ಕೂ ಒಂದೇ ಪೆಟ್ಟಿಗೆಯಲ್ಲಿ ಅರ್ಧ ಶಕ್ತಿಯೇ! ಹಾಗಾದರೆ ಬದಲಾಯಿಸಿ ಏನು ಬಂತು? ಅಥವಾ ದೊಡ್ಡದರ ಅರ್ಧ, ಚಿಕ್ಕದರ ಅರ್ಧಕ್ಕಿಂತ ದೊಡ್ಡದೋ? ಅಥವಾ ಆ ಹಳೆಯ ಬಂಡೆಯನ್ನೇ ಹೊರಬೇಕೋ, ಹೊಲಿಗೆ ಬಿಟ್ಟರೆ ಬಿಡಲಿ ಎಂದು? ಮಗುವನ್ನು ತೊಟ್ಟಿಲಿನಿಂದ ಎತ್ತುವಾಗ ಆ ಯೋಚನೆ ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಗಿ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು. ಮಗು ಅವಳ ಮೂಗು ಕಚ್ಚಿತು, ಹೊಸ ಹಲ್ಲಿನಲ್ಲಿ.

ಗುರುವಾರ ಬೆಳಿಗ್ಗೆ ಕಚೇರಿಯಲ್ಲಿ ಒಳಕೋಣೆಯಿಂದ ಕನ್ನಡಕದಮ್ಮ ಬಂದರು. ಪಾರ್ಸೆಲ್ಲುಗಳನ್ನು ಊರೂರಿಗೆ ವಿಂಗಡಿಸುವ ಹಿರಿಯ ಹೆಂಗಸು. ಮೂಗಿನ ತುದಿಯಲ್ಲಿ ಒಂದು ಕನ್ನಡಕ, ತಲೆಯ ಮೇಲೆ ಇನ್ನೊಂದು. ಕೈತುಂಬ ಪೊಟ್ಟಣ ತಂದು ಕೌಂಟರಿನ ಮೇಲೆ ಸುರಿದರು.

"ಏನೇ ಇದು? ನಿನ್ನ ಸೀಲು ನೋಡು. ತಾರೀಖು ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಎರಡು ಕನ್ನಡಕ ಒಟ್ಟಿಗೆ ಹಾಕ್ಕೊಂಡ್ರೂ ಕಾಣಲ್ಲ ನಂಗೆ."

ನೋಡಿದಳು. ನಿಜ. ಪ್ರತಿಯೊಂದರ ಮೇಲೂ ಒಂದು ನೀಲಿ ಮಬ್ಬು, ಅರ್ಧ ಚಂದ್ರನ ಹಾಗೆ.

"ಇಂಕ್ ಪ್ಯಾಡ್ ಒಣಗಿದೆ ಅನ್ಸುತ್ತೆ ಅಕ್ಕ."

"ಪ್ಯಾಡ್ ನಿನ್ನೆ ಬದಲಾಯಿಸಿದೀನಿ, ನಾನೇ. ಮುಟ್ಟಿ ನೋಡು, ಕೈಯೆಲ್ಲ ಮಸಿ ಆಗುತ್ತೆ."

"ಹಾಗಾದ್ರೆ ಸೀಲಿನ ರಬ್ಬರ್ ಸವೆದಿರಬೇಕು."

ಕನ್ನಡಕದಮ್ಮ ಸೀಲನ್ನು ಅವಳ ಕೈಯಿಂದ ಕಸಿದು ಪ್ಯಾಡಿಗೊತ್ತಿ, ಒಂದು ರದ್ದಿ ಕಾಗದದ ಮೇಲೆ ಧಪ್ ಎಂದು ಕುಟ್ಟಿದರು. ಪೆನ್ನಿನ ಡಬ್ಬಿ ನೆಗೆಯಿತು. ಕಾಗದದ ಮೇಲೆ ಊರು, ತಾರೀಖು, ಸುತ್ತಲಿನ ಗೆರೆ ಎಲ್ಲ ಕೆತ್ತಿದ ಹಾಗೆ.

"ಮೊದಲೆಲ್ಲ ನೀನು ಸೀಲು ಹೊಡೆದ್ರೆ ಒಳಗೆ ಕೂತ ನಾನು ಬೆಚ್ಚಿಬೀಳ್ತಿದ್ದೆ" ಎಂದರು. "ಈಗ ಪಾರ್ಸೆಲ್ಲಿಗೆ ಜೋಗುಳ ಹಾಡ್ತೀಯ."

ಅವರು ಒಳಗೆ ಹೋದರು. ಅವಳು ಸೀಲು ಕೈಗೆ ತೆಗೆದುಕೊಂಡಳು. ಜೋರಾಗಿ ಹೊಡೆಯುತ್ತೇನೆ ಎಂದುಕೊಂಡೇ ಹೊಡೆದಳು. ಕೈ ಮೇಲಿನಿಂದ ರಭಸದಲ್ಲೇ ಬಂತು, ಆದರೆ ಕಾಗದ ಇನ್ನೊಂದು ಬೆರಳಷ್ಟು ದೂರ ಇರುವಾಗ ತಾನಾಗಿಯೇ ತಡೆದು, ಮೆಲ್ಲಗೆ ಇಟ್ಟಿತು. ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ. ಮತ್ತೆ ಹೊಡೆದಳು. ಮತ್ತೆ ಅದೇ. ಅವಳ ಅಪ್ಪಣೆ ಕೇಳದೆ ಕೈ ಆ ಕೊನೆಯ ಬೆರಳಷ್ಟು ಜಾಗದಲ್ಲಿ ಬ್ರೇಕು ಹಾಕುತ್ತಿತ್ತು.

ಅವಳು ಕೈಯನ್ನು ತಿರುಗಿಸಿ ನೋಡಿದಳು. ಮಂಗಳವಾರ ಸಂಜೆ ಕಣ್ಣಮುಂದೆ ಬಂತು, ಆಮೇಲೆ ಶನಿವಾರದ ಅಂಗಡಿ, ಒಮ್ಮೆಯೂ ಕಣ್ಣು ಮಿಟುಕಿಸದ ಆ ಕೆಂಪು ದೀಪ. ಮಲಗಿದೆ, ಸದ್ಯ, ಅಂದುಕೊಂಡಿದ್ದಳಲ್ಲ! ಆಗಾಗ ಮಿಟುಕಿಸಬೇಕು ಎಂದು ಅಂಗಡಿಯವರು ಬಾಯಿಬಿಟ್ಟು ಹೇಳಿದ್ದರು. ನೆಲ ಸಮವಾಗಿಯೇ ಇತ್ತು. ಡೊಂಕಾಗಿದ್ದದ್ದು ಬೇರೆ.

"ಮೇಡಂ, ಈ ಪಾರ್ಸೆಲ್..." ಎಂದರು ಸಾಲಿನಲ್ಲಿದ್ದವರು.

"ಕೊಡಿ" ಎಂದಳು ಅವಳು. ತೂಗಿ, ಅಂಟಿಸಿ, ಹಲ್ಲು ಕಚ್ಚಿ ಸೀಲು ಎತ್ತಿದಳು. ಧಪ್. ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ನೋಯತೊಡಗಿತು. ಐದರಲ್ಲಿ ಮೂರು ಸರಿಯಾಗಿ ಬೀಳುತ್ತಿದ್ದವು, ಎರಡು ಮತ್ತೆ ಜೋಗುಳ.

ಅರ್ಥವಾಯಿತು ಎಂದರೆ ಚಿಂತೆ ಹೋಯಿತು ಎಂದಲ್ಲ. ಆಂಪ್ಲಿಫೈಯರನ್ನಾದರೆ ಅಂಗಡಿಯಲ್ಲಿ ಬದಲಾಯಿಸಬಹುದು. ಕೈಯನ್ನು? ಶುಕ್ರವಾರ ನಾಳೆಯೇ. ಇನ್ನೂ ಒಂದು ಹುಳ ಕೊರೆಯುತ್ತಿತ್ತು: ಕೈಯ ತಪ್ಪು ಎಂದು ಸುಮ್ಮನಾಗಿ, ಆಮೇಲೆ ಹೆಡ್ಡೂ ಸಾಲದು ಎಂದಾದರೆ? ಸ್ಪೀಕರ್ ಪೆಟ್ಟಿಗೆ ಇರುವ ಜಾಗದಲ್ಲಿ, ಜೋರಾಗಿ, ಇವತ್ತೇ ನುಡಿಸಿ ನೋಡಬೇಕು. ಅಂಗಡಿ ಒಂದೇ ದಾರಿ. ಗಂಡನದು ಸಂಜೆಯ ಪಾಳಿ. ಮಗುವನ್ನು ಎತ್ತಿಕೊಂಡು ಅತ್ತೆಯೂ ಹೊರಟರು.

"ನಡಿ, ನಾನೂ ನೋಡ್ತೀನಿ, ಅದೇನು ತಲೆನೋವಿನ ತಲೆ ಅಂತ."

ಬಸ್ಸಿನಲ್ಲಿ ಮಗು ಅತ್ತೆಯ ಭುಜದ ಮೇಲೆ ನಿದ್ದೆಹೋಯಿತು. ಆಗಲೇ ನಿದ್ದೆಹೋಗಬೇಕೆ! ಅವಳಿಗೆ ಅಳುವೇ ಬಂತು.

ಅಂಗಡಿಯವರು ಅವಳ ಕೈಯಲ್ಲಿದ್ದ ಡಬ್ಬ ನೋಡಿ, ಕೇಳದೆಯೇ ದೊಡ್ಡ ಹೆಡ್ಡನ್ನು ಮೇಜಿಗೆ ತಂದರು. ಒಂದೇ ಸ್ಪೀಕರ್ ಪೆಟ್ಟಿಗೆ ಸಾಕು ಎಂದು ಅವಳು ಹೇಳಿ, ಮೊದಲು ತನ್ನ ಚಿಕ್ಕದನ್ನೇ ಸಿಕ್ಕಿಸಿದಳು. ಬೆರಳು ತಂತಿಯ ಮೇಲೆ ಬಂತು. ಕಣ್ಣು ಮಾತ್ರ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತ ಅತ್ತೆಯ ಭುಜದ ಕಡೆಗೇ ಹೋಯಿತು. ಪುಟ್ಟ ಬಾಯಿ ಅರೆತೆರೆದಿತ್ತು.

ಅವಳು ಮೀಟಿದಳು. ಹೊಗೆ. ಕೆಂಪು ದೀಪ ಗಡದ್ದು ನಿದ್ದೆ.

"ಅತ್ತೆ, ಅವಳನ್ನ ಸ್ವಲ್ಪ ಹೊರಗೆ..."

"ಹೊರಗೆ ಲಾರಿ ಹಾರ್ನು ಹೊಡೀತಿದಾವೆ. ಅಲ್ಲಿ ಏಳದೆ ಇರ್ತಾಳಾ?" ಅತ್ತೆ ಕದಲಲಿಲ್ಲ. "ನಿನ್ನ ಗಂಡ ಚಿಕ್ಕವನಿದ್ದಾಗ ನಮ್ಮ ಮನೆ ಪಕ್ಕದಲ್ಲಿ ಹಿಟ್ಟಿನ ಗಿರಣಿ ಇತ್ತು. ಎದ್ದ, ಅತ್ತ, ಮತ್ತೆ ಮಲಗಿದ. ಈಗ ಬಸ್ಸು ಓಡಿಸ್ತಿದಾನೆ, ಏನಾಗಿದೆ ಅವನಿಗೆ? ಎದ್ದರೆ ನಾನಿದೀನಿ. ನೀನು ಬಂದ ಕೆಲಸ ನೋಡು."

ಮನೆಯಲ್ಲಿ ದಿನಕ್ಕೆ ನೂರು ಸಲ 'ಮೆಲ್ಲಗೆ' ಎನ್ನುತ್ತಿದ್ದವರು ಇವರೇನಾ ಎಂದು ಅವಳು ಒಂದು ಕ್ಷಣ ನೋಡಿದಳು. ಆಮೇಲೆ ಕೆಂಪು ದೀಪದ ಕಡೆ ತಿರುಗಿ ನಿಂತಳು, ಮಗು ಕಾಣದ ಹಾಗೆ. ಬೆಳಗಿನ ಸೀಲನ್ನು ನೆನೆದಳು. ಆ ಕೊನೆಯ ಬೆರಳಷ್ಟು ಜಾಗವನ್ನು ನೆನೆದಳು. ಬೆರಳು ತಂತಿಯನ್ನು ಮುಟ್ಟಿ ನಿಲ್ಲಬಾರದು, ದಾಟಿಹೋಗಬೇಕು.

ದೀಪ ಕಣ್ಣು ಮಿಟುಕಿಸಿತು.

ಗೋಡೆಗೆ ತೂಗುಹಾಕಿದ್ದ ಗಿಟಾರುಗಳೆಲ್ಲ ಒಮ್ಮೆಲೇ ಮೆಲುವಾಗಿ ಗುಂಯ್ ಎಂದವು. ಅವಳ ಹೊಟ್ಟೆಯೊಳಗೆ, ಹೊಲಿಗೆಯ ಹಿಂದೆ ಎಲ್ಲೋ, ಮರೆತೇಹೋಗಿದ್ದ ಒಂದು ಅದುರು. ಬೆನ್ನ ಹಿಂದೆ ಮಗು ಎದ್ದಿತು. ಮೊದಲು ಒಂದು ಬಿಕ್ಕು, ಆಮೇಲೆ ಅಂಗಡಿಯ ಸೂರು ಹಾರುವ ಹಾಗೆ ಅಳು. ಅವಳ ಮೈಯೆಲ್ಲ ಅತ್ತ ಎಳೆಯಿತು, ರವಿಕೆಯ ಮುಂಭಾಗ ಒದ್ದೆಯಾಯಿತು. ನಡೆ ಮುಗಿಯಲು ಇನ್ನೂ ಸ್ವಲ್ಪ ಉಳಿದಿತ್ತು. ಮುಗಿಸಿದಳು. ಮುಗಿಸಿಯೇ ತಿರುಗಿದಳು.

ಅತ್ತೆ ಮಗುವನ್ನು ತಟ್ಟುತ್ತ, "ಇವಳೂ ನಿನ್ನ ಹಾಗೇ, ಗುಡುಗು" ಎಂದರು.

ಮಗುವಿಗೆ ಅಲ್ಲೇ ಮೂಲೆಯಲ್ಲಿ ಹಾಲು ಕುಡಿಸಿ, ಆಮೇಲೆ ದೊಡ್ಡ ಹೆಡ್ಡನ್ನೂ ಜೋರಾಗಿಯೇ ನುಡಿಸಿ ನೋಡಿದಳು. ಮಗು ಈಗ ಅತ್ತೆಯ ಮಡಿಲಲ್ಲಿ ಕೂತು ಸ್ಪೀಕರನ್ನು ಅನುಮಾನದಿಂದ ದಿಟ್ಟಿಸುತ್ತಿತ್ತು. ದೊಡ್ಡದರ ದನಿ ಕೊಂಚ ಬೆಚ್ಚಗಿತ್ತು, ಅದು ಸುಳ್ಳಲ್ಲ. ಅವಳ ಮನಸ್ಸು ಮತ್ತೆ ತೊಯ್ದಾಡಿತು. ಅದನ್ನು ಗಿಟಾರಿನ ಚೀಲದ ಜೇಬಿಗೆ ಹಾಕಲು ನೋಡಿದಳು. ಹಿಡಿಸಲಿಲ್ಲ. ಅಂದರೆ ಬೇರೆ ಚೀಲ, ಅಂದರೆ ಒಂದು ಕೈ ಅದಕ್ಕೇ ಮೀಸಲು. ಬಸ್ಸು ಹತ್ತುವಾಗ ಒಂದು ಕೈಗೆ ಕಂಬಿ ಬೇಕು, ಒಂದು ಕೈಗೆ ಮಗಳು.

"ಚಿಕ್ಕದೇ ಇರಲಿ" ಎಂದಳು.

"ಹಾಗಾದ್ರೆ ಬದಲಾಯಿಸೋಕೆ ಅಂತ ಬಂದಿದ್ದು...?" ಅಂಗಡಿಯವರಿಗೆ ಅರ್ಥವಾಗಲಿಲ್ಲ.

"ಬದಲಾಯಿಸಿ ಆಯ್ತು" ಎಂದು ಅತ್ತೆ ಎದ್ದರು.

ಶುಕ್ರವಾರ ಟೈರ್ ಅಂಗಡಿಯ ಮೆಟ್ಟಿಲು ಹತ್ತುವಾಗ ಅವಳು ಮೀಟುವ ಬೆರಳನ್ನು ತೊಡೆಗೆ ಬಡಿಯುತ್ತಲೇ ಇದ್ದಳು. ಅಂಗಡಿಯಲ್ಲಿ ಬಂದದ್ದು ಇಲ್ಲಿ ಬಾರದಿದ್ದರೆ? ಕೈ ಮತ್ತೆ ಮರೆತರೆ? ಫ್ಲಾನೆಲ್ ಬಟ್ಟೆಯಿಂದ ಅದೇ ಚಿಕ್ಕ ಪೆಟ್ಟಿಗೆ ಹೊರಬಂದದ್ದನ್ನು ನೋಡಿ ದೊಡ್ಡಣ್ಣನ ಮುಖ ಸಣ್ಣಗಾಯಿತು.

"ಬದಲಾಯಿಸಿ ತರ್ತೀನಿ ಅಂದಿದ್ದೆ?"

"ಇದೇ ಸಾಕು ಅನ್ನಿಸ್ತು, ದೊಡ್ಡಣ್ಣ."

ಅವನು ಮೈಕಿನ ಕಡೆ ತಿರುಗಿದ. ಎಡಗೈ ಟೀ ಲೋಟವನ್ನು ಕೀಬೋರ್ಡಿನ ಪಕ್ಕ ಇಟ್ಟು, ಎರಡೂ ಕೈಗಳನ್ನು ಮನೆಗಳ ಮೇಲಿಟ್ಟು ಸಿದ್ಧನಾದ. ಅವಳು ದೀಪದ ಮೇಲೆ ಕಣ್ಣಿಟ್ಟಳು.

ಮೊದಲ ಸಾಲು ಹಾಗೂ ಹೀಗೂ. ಒಂದು ಸ್ವರ ಗುಡುಗು, ಮುಂದಿನದು ಜೋಗುಳ. ಬೆವರು ಕಣ್ಣಿಗಿಳಿಯಿತು. ದಡಬಡ ಹುಬ್ಬೇರಿಸಿ ಅವಳತ್ತ ನೋಡುತ್ತ ಕಾಲಡಿಯ ದೊಡ್ಡ ಡ್ರಮ್ಮನ್ನು ಇನ್ನಷ್ಟು ಗಟ್ಟಿಯಾಗಿ ಒದ್ದ. ಅದು ಕೊಂಕಲ್ಲ, ಅವಳ ಬೆರಳಿಗೆ ಕೈ ಚಾಚಿದ ಹಾಗೆ. ಅವಳು ಆ ಒದೆತದ ಜೊತೆಗೇ ತಂತಿ ಮೀಟಿದಳು. ಪಲ್ಲವಿ ಮುಗಿಯುವ ಹೊತ್ತಿಗೆ ದೀಪ ಅವನ ಪ್ರತಿ ಒದೆತಕ್ಕೂ ಮಿಟುಕಿಸುತ್ತಿತ್ತು. ಕಿಟಕಿಯ ಸಡಿಲ ಗಾಜು ಹಲ್ಲು ಕಡಿಯತೊಡಗಿತು. ತಳಪಾಯ ಗಟ್ಟಿಯಾಯಿತು. ಆದರೆ ಅವಳು ಹಿಗ್ಗಲಿಲ್ಲ. ಮೊನ್ನೆಯೂ ಹೀಗೇ ಆಗಿತ್ತಲ್ಲ. ಹೆದರುತ್ತಲೇ ಕೀಬೋರ್ಡಿನ ಕಡೆ ಕಣ್ಣು ಹಾಯಿಸಿದಳು.

ಹುಡುಗನ ಬಲಗೈ ಮಾತ್ರ ಮನೆಗಳ ಮೇಲಿತ್ತು. ಎಡಗೈಯಲ್ಲಿ ಟೀ ಲೋಟ. ಅವನು ಅವಳನ್ನು ನೋಡಿ ಲೋಟವನ್ನು ಒಂದಿಷ್ಟು ಮೇಲಕ್ಕೆತ್ತಿ, ಒಂದು ಗುಟುಕು ಹೀರಿದ.

ಮೈಕಿನ ಮುಂದೆ ದೊಡ್ಡಣ್ಣ ಹಾಡುತ್ತಲೇ ಹಿಂದಕ್ಕೆ ತಿರುಗಿದ. ಒಂದು ಕಿವಿಗೆ ಕೈ ಅಡ್ಡ ಹಿಡಿದು ಕೂಗಿದ:

"ಮೆಲ್ಲಗಮ್ಮಾ, ಮೆಲ್ಲಗೆ! ನನ್ನ ಹಾಡು ನಂಗೇ ಕೇಳಿಸ್ತಿಲ್ಲ!"

ಅವಳು ಗುಬುಟು ಮುಟ್ಟಲಿಲ್ಲ. ಬೆರಳನ್ನು ಮಾತ್ರ ಒಂದಿಷ್ಟು ತಡೆದಳು. ಅದು ಹೇಗೆಂದು ಈ ಕೋಣೆಯಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.